ನಿಮ್ಮ ಬೆಟ್ಟದಲ್ಲಿ ಎಷ್ಟು ಇಂಗಾಲ ಇದೆ? ಟೇಪು, ಉಪಗ್ರಹ, ಡ್ರೋನ್: ಯಾವುದು ಯಾರಿಗೆ

ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತಿದೆ. ಶಿರಸಿ ಕಡೆಯ ಅಡಿಕೆ ಬೆಳೆಗಾರರು ತಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಬಗ್ಗೆ ಕೇಳುತ್ತಾರೆ. ಕೊಡಗಿನವರು ಕಾಫಿ ತೋಟದ ನೆರಳಿನ ಮರಗಳ ಬಗ್ಗೆ ಕೇಳುತ್ತಾರೆ. ಕಾಲೇಜು ಹುಡುಗರಿಗೆ ಪ್ರಾಜೆಕ್ಟ್ ಮುಗಿಸಬೇಕು. ಎಲ್ಲರ ಪ್ರಶ್ನೆ ಇದೇ: ಮರಗಳಲ್ಲಿ ಎಷ್ಟು ಕಾರ್ಬನ್ ಇದೆ ಅಂತ ತಿಳಿಯೋಕೆ ಟೇಪು ಹಿಡಿದು ಸುತ್ತಬೇಕಾ, ಉಪಗ್ರಹದ ನಕ್ಷೆ ಸಾಕಾ, ಡ್ರೋನ್ ಹಾರಿಸಬೇಕಾ?

ಮೂವರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಹಾಗಾಗಿ ಮೊದಲು ಅಳತೆಗೋಲು ಯಾವುದು ಅಂತ ನೋಡೋಣ, ಆಮೇಲೆ ದಾರಿಗಳು.

ಮೊದಲು ಈ ನಾಲ್ಕು ಕೇಳಿಕೊಳ್ಳಿ

ಈ ಲೆಕ್ಕ ಯಾರಿಗೆ ತೋರಿಸಲು? ನಿಮ್ಮ ಸಮಾಧಾನಕ್ಕಾದರೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಷ್ಟವಿಲ್ಲ. ದುಡ್ಡಿನ ವ್ಯವಹಾರಕ್ಕಾದರೆ ಎದುರಿನವರು ಒಪ್ಪುವ ವಿಧಾನವೇ ಬೇಕು. ನೀವು ಎಷ್ಟು ಚೆನ್ನಾಗಿ ಅಳೆದಿದ್ದೀರಿ ಅನ್ನೋದು ಅಲ್ಲಿ ನಡೆಯಲ್ಲ.

ಯಾವ ಇಂಗಾಲ? ಕಾಡಿನ ಇಂಗಾಲವನ್ನು ಐದು ಭಾಗ ಮಾಡಿ ನೋಡುವುದು ರೂಢಿ. ನೆಲದ ಮೇಲಿನ ಮರ, ನೆಲದೊಳಗಿನ ಬೇರು, ಸತ್ತು ಬಿದ್ದ ಮರ, ದರಕು (ಉದುರಿದ ಒಣ ಎಲೆ), ಆಮೇಲೆ ಮಣ್ಣು. ಎಲ್ಲರ ಕಣ್ಣು ಮರದ ಮೇಲೇ ಇರುತ್ತದೆ. ಆದರೆ ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿ ನೋಡಿ. ದೇಶದ ಕಾಡುಗಳಲ್ಲಿ ಒಟ್ಟು ಸುಮಾರು 728 ಕೋಟಿ ಟನ್ ಇಂಗಾಲ ಇದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮಣ್ಣಿನಲ್ಲಿ. ಮಣ್ಣನ್ನು ಯಾವ ಡ್ರೋನೂ ಅಳೆಯಲ್ಲ.

ಒಂದೇ ಸಲವಾ, ಮತ್ತೆ ಮತ್ತೆಯಾ? ಇವತ್ತು ಎಷ್ಟಿದೆ ಅನ್ನುವುದು ಬೇರೆ, ವರ್ಷಕ್ಕೆ ಎಷ್ಟು ಹೆಚ್ಚುತ್ತಿದೆ ಅನ್ನುವುದು ಬೇರೆ. ಎರಡನೆಯದಕ್ಕೆ ಅದೇ ಮರವನ್ನು ಅದೇ ಜಾಗದಲ್ಲಿ ಮತ್ತೆ ಅಳೆಯಬೇಕು.

ಕೊನೆಯದು, ಎಷ್ಟು ತಪ್ಪಾದರೆ ನಡೆಯುತ್ತದೆ? ಇದನ್ನು ಯಾರೂ ಕೇಳಿಕೊಳ್ಳಲ್ಲ. ಖರ್ಚು ನಿರ್ಧಾರ ಆಗುವುದು ಮಾತ್ರ ಇಲ್ಲೇ. ಮಾದರಿ ಚೌಕಗಳನ್ನು ಹಾಕಿ ಅಳೆಯುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಚೌಕಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಸರಾಸರಿಯ ಶೇ. 40ರಷ್ಟಿದ್ದರೆ, ಶೇ. 20ರ ಒಳಗಿನ ತಪ್ಪಿಗೆ ಸುಮಾರು 16 ಚೌಕ ಸಾಕು. ಶೇ. 10ರ ಒಳಗೆ ಬರಬೇಕು ಅಂದರೆ 64 ಬೇಕು. ತಪ್ಪನ್ನು ಅರ್ಧಕ್ಕೆ ಇಳಿಸಲು ಕೆಲಸ ನಾಲ್ಕು ಪಟ್ಟು. ಸುಮ್ನೆ "ನಿಖರವಾಗಿ ಬೇಕು" ಅನ್ನುವ ಮೊದಲು ಈ ಲೆಕ್ಕ ತಲೆಯಲ್ಲಿರಲಿ.

ಟೇಪು ಮತ್ತು ನೋಟ್‌ಬುಕ್

ಹಳೇ ದಾರಿ, ಅಗ್ಗದ ದಾರಿ. ನನ್ನ ಒಲವೂ ಇದರ ಕಡೆಗೇ, ಮುಚ್ಚಿಡಲ್ಲ. ಬೇಕಾದದ್ದು ದರ್ಜಿಯ ಟೇಪು, ಹಗ್ಗ, ಸುಣ್ಣ ಅಥವಾ ಪೇಂಟು, ಮರಗಳ ಹೆಸರು ಗೊತ್ತಿರುವ ಒಬ್ಬರು. ಕೊನೆಯದೇ ಸಿಗುವುದು ಕಷ್ಟ.

20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಾಕಿ. ಅದು 400 ಚದರ ಮೀಟರ್, ಅಂಥವು 25 ಸೇರಿದರೆ ಒಂದು ಹೆಕ್ಟೇರ್. ಚೌಕದೊಳಗೆ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಎಲ್ಲ ಮರಗಳನ್ನೂ ಅಳೆಯಿರಿ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ. ನಮ್ಮ ಅರಣ್ಯ ಇಲಾಖೆಯ ರೂಢಿ ಇದು, ಹೊರದೇಶಗಳಲ್ಲಿ 1.3 ಮೀಟರ್. ಇಳಿಜಾರಿನಲ್ಲಿದ್ದರೆ ಮೇಲುಬದಿ ನಿಂತು ಅಳೆಯಬೇಕು. ಹಗ್ಗದ ಉದ್ದವನ್ನೂ ಸರಿಮಾಡಿಕೊಳ್ಳಬೇಕು: 30 ಡಿಗ್ರಿ ಇಳಿಜಾರಿನಲ್ಲಿ ಮಟ್ಟಸದ 20 ಮೀಟರ್ ಅಂದರೆ ನೆಲದ ಮೇಲೆ ಸುಮಾರು 23 ಮೀಟರ್. ಮಲೆನಾಡಿನಲ್ಲಿ ಇದನ್ನು ಮರೆತರೆ ಚೌಕ ಚಿಕ್ಕದಾಗಿ, ಕಾಡು ಇದ್ದದ್ದಕ್ಕಿಂತ ತೆಳ್ಳಗೆ ಕಾಣುತ್ತದೆ.

ಮರ ಕಡಿದು ತೂಕ ಹಾಕದೆ ತೂಕ ಹೇಗೆ ಸಿಗುತ್ತದೆ? ಕಡಿದವರ ಲೆಕ್ಕ ಬಳಸಿಕೊಂಡು. ಉಷ್ಣವಲಯದ 58 ಜಾಗಗಳಲ್ಲಿ ಕಡಿದು ತೂಗಿದ 4,004 ಮರಗಳಿಂದ 2014ರಲ್ಲಿ ಒಂದು ಸೂತ್ರ ಕಟ್ಟಿದರು. ಜಗತ್ತಿನಲ್ಲಿ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ. ಮರದ ಸಾಂದ್ರತೆ (ಒಂದು ಘನ ಸೆಂಟಿಮೀಟರ್ ಮರಕ್ಕೆ ಎಷ್ಟು ಗ್ರಾಂ ಒಣತೂಕ), ಸೆಂಟಿಮೀಟರ್‌ನಲ್ಲಿ ವ್ಯಾಸದ ವರ್ಗ, ಮೀಟರ್‌ನಲ್ಲಿ ಎತ್ತರ, ಈ ಮೂರನ್ನೂ ಗುಣಿಸಿ. ಬಂದದ್ದನ್ನು 0.976ರ ಘಾತಕ್ಕೆ ಏರಿಸಿ. ಅದನ್ನು 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣತೂಕ ಕಿಲೋದಲ್ಲಿ ಬರುತ್ತದೆ.

ಒಂದು ಮತ್ತಿ ಮರ ತೆಗೆದುಕೊಳ್ಳೋಣ. ಸುತ್ತಳತೆ 157 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ ವ್ಯಾಸ 50. ಎತ್ತರ 20 ಮೀಟರ್, ಸಾಂದ್ರತೆ ಸುಮಾರು 0.7. ಒಣತೂಕ 1,830 ಕಿಲೋ ಹತ್ತಿರ ಬರುತ್ತದೆ. ಅದರಲ್ಲಿ ಶೇ. 47 ಇಂಗಾಲ, ಅಂದರೆ 860 ಕಿಲೋ. ಇದನ್ನು ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಬೇಕು: ಮೂರು ಟನ್ ಮೇಲೆ ಸ್ವಲ್ಪ. ಬೇರಿಗೆ ಇನ್ನೊಂದು ಕಾಲು ಭಾಗ ಸೇರಿಸುವುದು ವಾಡಿಕೆ.

ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಇಷ್ಟೇ ದೊಡ್ಡ ಮರ 17 ಟನ್ ತೂಗಿತ್ತು! ಎರಡು ದಿನ ಹಿಗ್ಗಿದ್ದೇ ಹಿಗ್ಗಿದ್ದು. ಆಮೇಲೆ ನೋಡಿದರೆ ವ್ಯಾಸದ ಕಾಲಮ್ಮಿನಲ್ಲಿ ಸುತ್ತಳತೆಯನ್ನೇ ತುಂಬಿದ್ದೆ. ಅಷ್ಟೇ ತಪ್ಪಿಗೆ ಒಂಬತ್ತು ಪಟ್ಟಿಗಿಂತ ಹೆಚ್ಚು ತೂಕ. ಯಾರಾದರೂ ಕಣ್ಣು ಕುಕ್ಕುವ ಸಂಖ್ಯೆ ತೋರಿಸಿದರೆ ನಾನು ಮೊದಲು ಕೇಳುವುದು ಇದನ್ನೇ.

ಈ ಸೂತ್ರದಲ್ಲಿ ಎಲ್ಲ ಅಳತೆಯ ತಪ್ಪೂ ಒಂದೇ ತೂಕದ್ದಲ್ಲ. ಸುತ್ತಳತೆಯಲ್ಲಿ ಎರಡು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೆ ತೂಕ ಶೇ. 2-3 ಅಲ್ಲಾಡುತ್ತದೆ, ಅಷ್ಟೇ. ಎತ್ತರ 20 ಅನ್ನುವ ಕಡೆ 25 ಅಂದರೆ ತೂಕ ಕಾಲು ಭಾಗ ಏರುತ್ತದೆ. ಒತ್ತಾದ ಕಾಡಿನಲ್ಲಿ ತುದಿ ಕಾಣದೆ ಅಂದಾಜು ತಪ್ಪುವುದು ಸುಲಭ. ಜಾತಿ ತಪ್ಪಿದರೆ ಇನ್ನೂ ಕಷ್ಟ. ಅಷ್ಟೇ ದಪ್ಪ, ಅಷ್ಟೇ ಎತ್ತರದ ಬೂರುಗದ ಸಾಂದ್ರತೆ 0.33ರ ಆಸುಪಾಸು. ತೂಕ ಮತ್ತಿಯ ಅರ್ಧವೂ ಬರಲ್ಲ. ಅದಕ್ಕೇ ಹೇಳಿದ್ದು, ಮರದ ಹೆಸರು ಗೊತ್ತಿರುವವರು ಬೇಕು ಅಂತ. ನಮ್ಮ ಕಡೆ ಆ ಕೆಲಸಕ್ಕೆ ಡಿಗ್ರಿಗಿಂತ ಸೊಪ್ಪು ಕಡಿದು ಅಭ್ಯಾಸ ಇರುವವರೇ ವಾಸಿ.

ಎತ್ತರಕ್ಕೆ ದುಬಾರಿ ಉಪಕರಣ ಬೇಡ. ಕೋನಮಾಪಕಕ್ಕೆ ದಾರ, ದಾರಕ್ಕೆ ಕಲ್ಲು. ಮರದ ತುದಿ 45 ಡಿಗ್ರಿಯಲ್ಲಿ ಕಾಣುವ ತನಕ ಹಿಂದೆ ಸರಿಯಿರಿ. ಬುಡಕ್ಕಿರುವ ದೂರ, ಅದರ ಮೇಲೆ ನಿಮ್ಮ ಕಣ್ಣಿನ ಎತ್ತರ, ಎರಡನ್ನೂ ಕೂಡಿಸಿದರೆ ಆಯ್ತು. ನೆಲ ಸಮ ಇದ್ದರೆ ಮಾತ್ರ ಇದು ಸರಿ. ಫೋನಿನಲ್ಲಿ ಮಾಡುವುದಾದರೆ ನಾಸಾದ ಗ್ಲೋಬ್ ಅಬ್ಸರ್ವರ್ ಆ್ಯಪ್‌ನಲ್ಲಿ ಮರದ ಎತ್ತರ ಅಳೆಯುವ ಸೌಲಭ್ಯ ಇದೆ.

ಅಡಿಕೆ, ತೆಂಗು, ಬಿದಿರಿಗೆ ಮೇಲಿನ ಸೂತ್ರ ಹಾಕಲೇಬೇಡಿ. ಅವು ವರ್ಷ ಕಳೆದಂತೆ ದಪ್ಪ ಆಗುವ ಜಾತಿಗಳಲ್ಲ. ಅವಕ್ಕೆ ಬೇರೆಯೇ ಸೂತ್ರಗಳಿವೆ.

ಕೊರತೆ? ಶ್ರಮ. ಇಬ್ಬರು ಮೂವರು ಸೇರಿದರೂ ಒತ್ತಾದ ಬೆಟ್ಟದಲ್ಲಿ ದಿನಕ್ಕೆ ನಾಲ್ಕಾರು ಚೌಕ ಮುಗಿಸಿದರೆ ಹೆಚ್ಚು. ನೂರಾರು ಎಕರೆಗೆ ಇದೊಂದನ್ನೇ ನೆಚ್ಚಿಕೊಳ್ಳೋಕೆ ಆಗಲ್ಲ. ಇನ್ನೊಂದು ಮನುಷ್ಯಸಹಜ ದೋಷ ನಮ್ಮದೇ. ಚೌಕ ಹಾಕುವಾಗ ಕಾಲು ತಾನಾಗಿ ದೊಡ್ಡ ಮರದ ಕಡೆ ಹೋಗುತ್ತದೆ. ಜಗತ್ತಿನ 48 ದೊಡ್ಡ ಅಧ್ಯಯನ ಚೌಕಗಳನ್ನು ಒಟ್ಟಿಗೆ ನೋಡಿದಾಗ, ದಪ್ಪದಲ್ಲಿ ಮೊದಲ ಶೇ. 1ರಷ್ಟು ಮರಗಳೇ ತೂಕದ ಅರ್ಧ ಹೊತ್ತಿದ್ದವು. ಚೌಕದೊಳಗೆ ಅಂಥದ್ದೊಂದು ಬಿತ್ತೋ ಇಲ್ಲವೋ ಅನ್ನುವುದರ ಮೇಲೆ ಇಡೀ ಲೆಕ್ಕ ತಿರುಗುತ್ತದೆ. ಅದಕ್ಕೆ ಜಾಗಗಳನ್ನು ಮನೆಯಲ್ಲೇ ಕೂತು, ನಕ್ಷೆಯ ಮೇಲೆ, ಚೀಟಿ ಎತ್ತಿ ಆರಿಸಿ. ಮುಳ್ಳುಪೊದೆಯ ಮಧ್ಯೆ ಬಂದರೂ ಅಲ್ಲೇ ಹಾಕಿ.

ಉಪಗ್ರಹದ ನಕ್ಷೆ

ಪುಕ್ಕಟೆ ಸಿಗುತ್ತದೆ, ಕೂತಲ್ಲೇ ಸಿಗುತ್ತದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಜೀವರಾಶಿ (ಮರಗಳ ಒಣತೂಕದ) ನಕ್ಷೆಗಳಲ್ಲಿ ಒಂದೊಂದು ಚುಕ್ಕೆ 100 ಮೀಟರ್‌ನದು. ನಾಸಾದ ಗೆಡಿ ಉಪಕರಣ 2018ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಅಲ್ಲಿಂದ ಲೇಸರ್ ಬಿಟ್ಟು ಕಾಡಿನ ಎತ್ತರ ಅಳೆಯುತ್ತದೆ. ಒಂದೊಂದು ಲೇಸರ್ ಗುರುತೂ 25 ಮೀಟರ್ ಅಗಲ. ಆದರೆ ಸಾಲಿಗೂ ಸಾಲಿಗೂ ಸುಮಾರು 600 ಮೀಟರ್ ಅಂತರ. ನಿಮ್ಮ ನಾಲ್ಕು ಎಕರೆ ಆ ಅಂತರದಲ್ಲಿ ಆರಾಮಾಗಿ ಅಡಗಿ ಕೂರಬಹುದು.

ಮಲೆನಾಡಿನಲ್ಲಿ ದೊಡ್ಡ ತೊಡಕು ಇದೇ. ಕಣಿವೆಯಲ್ಲಿ ಉದ್ದಕ್ಕೆ ಕಿರಿದಾದ ಅಡಿಕೆ ತೋಟ, ಎರಡೂ ಬದಿ ಬೆಟ್ಟ, ಮೇಲೆ ಬೇಣ (ಹುಲ್ಲುಗಾವಲು). 100 ಮೀಟರ್‌ನ ಒಂದು ಚುಕ್ಕೆ ಈ ಮೂರನ್ನೂ ನುಂಗಿ ಒಂದೇ ಸಂಖ್ಯೆ ಹೇಳುತ್ತದೆ. ಆ ಸಂಖ್ಯೆ ತೋಟದ್ದೂ ಅಲ್ಲ, ಬೆಟ್ಟದ್ದೂ ಅಲ್ಲ.

ಎರಡನೇ ತೊಡಕು ಕಣ್ಣು ಕಟ್ಟುವಿಕೆ. ಫೋಟೊ ತೆಗೆಯುವ ಉಪಗ್ರಹಕ್ಕೆ ಎಲೆಯ ಚಪ್ಪರ ಮಾತ್ರ ಕಾಣುತ್ತದೆ. ಚಪ್ಪರ ಮುಚ್ಚಿದ ಮೇಲೆ ಕೆಳಗೆ ಕಾಂಡ ಎಷ್ಟು ದಪ್ಪ ಅನ್ನುವುದು ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಇಪ್ಪತ್ತು ವರ್ಷದ ಅಕೇಶಿಯಾ ನೆಡುತೋಪೂ ಹಳೇ ಕಾನೂ (ದಟ್ಟ ಕಾಡೂ) ಹೆಚ್ಚುಕಮ್ಮಿ ಒಂದೇ ಹಸಿರು. ರೇಡಾರ್ ಇದಕ್ಕಿಂತ ವಾಸಿ. ತರಂಗ ಉದ್ದ ಆದಷ್ಟೂ ಎಲೆ ದಾಟಿ ಕೊಂಬೆ, ಕಾಂಡ ಮುಟ್ಟುತ್ತದೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್‌ನಲ್ಲಿ ಎಲ್ ಮತ್ತು ಎಸ್ ಬ್ಯಾಂಡ್ ರೇಡಾರ್‌ಗಳಿವೆ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಆದರೆ ಎರಡರಲ್ಲಿ ಉದ್ದ ತರಂಗದ ಎಲ್ ಬ್ಯಾಂಡ್ ಕೂಡ ಹೆಕ್ಟೇರಿಗೆ 100 ಟನ್ ಒಣತೂಕದ ಆಸುಪಾಸಿನಲ್ಲಿ ಮಂಕಾಗತೊಡಗುತ್ತದೆ. ಪಶ್ಚಿಮ ಘಟ್ಟದ ಒಳ್ಳೇ ಕಾಡು ಇದನ್ನು ಸಲೀಸಾಗಿ ದಾಟುತ್ತದೆ. ಅದೇ ವರ್ಷ ಏಪ್ರಿಲ್ 29ಕ್ಕೆ ಯುರೋಪಿನವರು ಕಳಿಸಿದ ಬಯೋಮಾಸ್ ಉಪಗ್ರಹದ ತರಂಗ ಸುಮಾರು 70 ಸೆಂಟಿಮೀಟರ್ ಉದ್ದದ್ದು. ದಟ್ಟ ಕಾಡಿಗೇ ಅಂತ ಮಾಡಿದ್ದು. ಆದರೆ ಅದು ನೋಡುವುದು ದೇಶ, ಖಂಡದ ಮಟ್ಟದಲ್ಲಿ. ನಿಮ್ಮ ಸರ್ವೆ ನಂಬರ್ ಅದರ ಕಣ್ಣಿಗೆ ಬೀಳಲ್ಲ.

ಹಾಗಾದರೆ ಉಪಗ್ರಹ ಯಾರಿಗೆ? ತಾಲೂಕು, ಜಿಲ್ಲೆ ಮಟ್ಟದಲ್ಲಿ ಕೆಲಸ ಮಾಡುವವರಿಗೆ. ಎಲ್ಲಿ ಕಾಡು ಹೋಯಿತು, ಎಲ್ಲಿ ಬಂತು ಅಂತ ನೋಡುವವರಿಗೆ. ಸಣ್ಣ ಜಾಗದವರಿಗೂ ಒಂದು ಉಪಯೋಗ ಇದೆ: ದಟ್ಟ, ಮಧ್ಯಮ, ತೆಳು ಅಂತ ಬೆಟ್ಟವನ್ನು ಮೂರು ಭಾಗ ಮಾಡಿಕೊಂಡು, ಒಂದೊಂದರಲ್ಲಿ ಬೇರೆ ಬೇರೆ ಚೌಕ ಹಾಕುವುದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರ ಅದಕ್ಕೆ ಧಾರಾಳ ಸಾಕು, ಪುಕ್ಕಟೆ ಬೇರೆ. ಹೀಗೆ ಮಾಡಿದರೆ ಬೇಕಾಗುವ ಚೌಕಗಳ ಸಂಖ್ಯೆ ಇಳಿಯುತ್ತದೆ.

ಇನ್ನೊಂದು ಮಾತು. ಈ ನಕ್ಷೆಗಳ ಟನ್ ಲೆಕ್ಕ ಆಕಾಶದಿಂದ ಉದುರಿದ್ದಲ್ಲ. ಎಲ್ಲೋ ಯಾರೋ ಟೇಪು ಹಿಡಿದು ಅಳೆದ ಚೌಕಗಳಿಗೆ ಹೊಂದಿಸಿಯೇ ಅದನ್ನು ಮಾಡಿರುತ್ತಾರೆ.

ಸರಕಾರಿ ವರದಿಯ ಸಂಖ್ಯೆ

ಕೆಲವರು ಅರಣ್ಯ ಸಮೀಕ್ಷೆಯ ವರದಿಯಿಂದ ರಾಜ್ಯದ ಸರಾಸರಿ ಎತ್ತಿ, ತಮ್ಮ ಎಕರೆಗೆ ಗುಣಿಸುತ್ತಾರೆ. ಕಾಲೇಜಿನ ಪೀಠಿಕೆಗೆ ಪರವಾಗಿಲ್ಲ, ನಿಮ್ಮ ಬೆಟ್ಟಕ್ಕೆ ಬೇಡ. ಆ ವರದಿಯಲ್ಲಿ ಒಂದು ಹೆಕ್ಟೇರ್ ಮೀರಿದ, ಚಪ್ಪರ ಶೇ. 10ಕ್ಕಿಂತ ಹೆಚ್ಚಿರುವ ಜಾಗವೆಲ್ಲ "ಅರಣ್ಯ ಹೊದಿಕೆ". ಯಾರ ಒಡೆತನ, ಏನು ಬೆಳೆ ಅಂತ ನೋಡಲ್ಲ. ಅಡಿಕೆ ತೋಟ, ಕಾಫಿ ತೋಟ ಎಲ್ಲ ಅದರೊಳಗೇ. ಬಂಡೀಪುರದ ಕುರುಚಲನ್ನೂ ಆಗುಂಬೆಯ ಕಾಡನ್ನೂ ಸೇರಿಸಿದ ಸರಾಸರಿ ಎರಡಕ್ಕೂ ಹೊಂದಲ್ಲ, ಅಲ್ವಾ?

ಡ್ರೋನ್ ಮತ್ತು ಲೇಸರ್

ಇಲ್ಲಿ ಎರಡು ಬೇರೆ ಸರಕುಗಳಿವೆ. ಮಾರುವವರು ಎರಡನ್ನೂ "ಡ್ರೋನ್ ಸರ್ವೆ" ಅಂತಲೇ ಕರೆಯುತ್ತಾರೆ. ಕ್ಯಾಮೆರಾ ಡ್ರೋನ್ ನೂರಾರು ಫೋಟೊ ಹೊಂದಿಸಿ ಚಪ್ಪರದ ಮೇಲ್ಮೈ ಕಟ್ಟುತ್ತದೆ. ದಟ್ಟ ಕಾಡಿನಲ್ಲಿ ಅದಕ್ಕೆ ನೆಲವೇ ಕಾಣಲ್ಲ. ನೆಲ ಗೊತ್ತಿಲ್ಲದೆ ಮರದ ಎತ್ತರ ಹೇಗೆ ಸಿಗುತ್ತದೆ? ಲೈಡಾರ್ ಡ್ರೋನ್ ಲೇಸರ್ ಬಿಡುತ್ತದೆ. ಎಲೆಗಳ ಸಂದಿಯಲ್ಲಿ ಒಂದಿಷ್ಟು ಕಿರಣ ನೆಲ ಮುಟ್ಟಿ ವಾಪಸ್ ಬರುತ್ತವೆ. ಎತ್ತರ ಅಚ್ಚುಕಟ್ಟಾಗಿ ಸಿಗುತ್ತದೆ, ಖರ್ಚು ಮಾತ್ರ ಲಕ್ಷಗಟ್ಟಲೆ. ಎರಡರಲ್ಲೂ ಕಾಂಡದ ದಪ್ಪ, ಜಾತಿ ನೇರವಾಗಿ ಸಿಗಲ್ಲ, ಕೆಳಗೆ ಟೇಪು ಓಡಲೇಬೇಕು.

ತೆರೆದ ಕಾಫಿ ತೋಟಕ್ಕೆ, ಸಾಲಾಗಿ ಸಿಲ್ವರ್ ಓಕ್ ಇರುವ ಕಡೆ, ಕ್ಯಾಮೆರಾ ಡ್ರೋನ್ ಒಳ್ಳೇ ಆಯ್ಕೆ. ಮರ ಎಣಿಸಬಹುದು, ನೆಲವೂ ಅಲ್ಲಲ್ಲಿ ಕಾಣುತ್ತದೆ. ಸಾವಿರ ಎಕರೆ ಮೀರಿದ ದಟ್ಟ ಕಾಡು, ಜೊತೆಗೆ ಕೈಯಲ್ಲಿ ಅನುದಾನ ಇದ್ದರೆ ಲೈಡಾರ್. ಹತ್ತು ಎಕರೆ ಬೆಟ್ಟಕ್ಕೆ ಎರಡೂ ದಂಡ. ಹಾರಿಸುವ ಮೊದಲು ಸರಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ವಲಯ ಯಾವ ಬಣ್ಣದ್ದು ಅಂತ ನೋಡಿ, ಅಭಯಾರಣ್ಯದ ಪಕ್ಕದಲ್ಲಿದ್ದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ.

ಐಫೋನ್ ಪ್ರೊ ಮಾದರಿಗಳಲ್ಲಿ ಚಿಕ್ಕ ಲೈಡಾರ್ ಇದೆ. ಐದು ಮೀಟರ್ ಆಚೆ ನೋಡಲ್ಲ. ಸುತ್ತಳತೆಗೆ ಆದೀತು, ಎತ್ತರಕ್ಕೆ ಆಗಲ್ಲ. ಟೇಪು ಇರುವಾಗ ಅದಕ್ಕೆಂದು ಫೋನು ಕೊಳ್ಳಬೇಡಿ.

ಮಣ್ಣು: ಮರೆತುಹೋಗುವ ಅರ್ಧ

ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಶೇಕಡಾವಾರು ಇರುತ್ತದೆ. ಅದನ್ನೇ ತಂದು ಲೆಕ್ಕ ಹಾಕಬಹುದು ಅಂತ ಅನಿಸುತ್ತದೆ. ಸಾಲದು. ಬೆಳೆಗಾಗಿ ಮಣ್ಣು ತೆಗೆಯುವುದು ಸಾಮಾನ್ಯವಾಗಿ 15 ಸೆಂಟಿಮೀಟರ್ ಆಳದ ತನಕ. ಇಂಗಾಲದ ಲೆಕ್ಕಕ್ಕೆ 30 ಬೇಕು. ಮಣ್ಣಿನ ಗಟ್ಟಿತನವೂ ಬೇಕು, ಅಂದರೆ ಒಂದು ಘನ ಸೆಂಟಿಮೀಟರ್ ಒಣಮಣ್ಣು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಅಳತೆ ಗೊತ್ತಿರುವ ಉಂಗುರ ಬಡಿದು ಮಣ್ಣು ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು.

ಶೇ. 2 ಇಂಗಾಲ, ಗಟ್ಟಿತನ 1.1, ಆಳ 30. ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ 66 ಟನ್. ಚಂದ ಕಾಣುತ್ತದೆ. ಆದರೆ ನಮ್ಮದು ಚಿರೆಕಲ್ಲಿನ ನೆಲ. ಶೇ. 30 ಭಾಗ ಜಲ್ಲಿಯೇ ಇದ್ದರೆ ಅದು 46ಕ್ಕೆ ಇಳಿಯುತ್ತದೆ. ಲ್ಯಾಬಿನವರು ಜರಡಿ ಹಿಡಿದು ಕಲ್ಲು ಎಸೆದು, ಉಳಿದ ಮಣ್ಣಿನ ಶೇಕಡಾ ಕೊಡುತ್ತಾರೆ. ಎಸೆದದ್ದು ಎಷ್ಟು ಅಂತ ಕೇಳಿ ಬರೆದುಕೊಳ್ಳಿ.

ಪರೀಕ್ಷೆಯಲ್ಲೂ ಎರಡು ಬಗೆ. 1934ರಿಂದ ಬಳಕೆಯಲ್ಲಿರುವ ವಾಕ್ಲಿ-ಬ್ಲ್ಯಾಕ್ ವಿಧಾನ ಅಗ್ಗ, ಎಲ್ಲ ಲ್ಯಾಬಿನಲ್ಲೂ ಇದೆ. ಆದರೆ ಇಂಗಾಲದ ಮುಕ್ಕಾಲು ಭಾಗವನ್ನಷ್ಟೇ ಹಿಡಿಯುತ್ತದೆ, ಮೇಲೆ 1.3ರಷ್ಟು ಗುಣಿಸಿ ಸರಿಮಾಡುತ್ತಾರೆ. ಸುಟ್ಟು ಅಳೆಯುವ ಯಂತ್ರ ನಿಖರ, ದುಬಾರಿ. ಮನೆಮಟ್ಟದ ಲೆಕ್ಕಕ್ಕೆ ಮೊದಲನೆಯದು ಸಾಕು. ಎರಡು ವರ್ಷದ ಲೆಕ್ಕ ಹೋಲಿಸುವುದಾದರೆ ಎರಡಕ್ಕೂ ಒಂದೇ ವಿಧಾನ ಇರಲಿ.

ಯಾರು ಏನು ಮಾಡಬಹುದು

ಕುತೂಹಲಕ್ಕೆ, ಮಕ್ಕಳಿಗೆ ತೋರಿಸೋಕೆ, ಗ್ರಾಮ ಅರಣ್ಯ ಸಮಿತಿಯ ದಾಖಲೆಗೆ ಬೇಕಾದರೆ: 16 ಚೌಕ, ಟೇಪು, ಸೂತ್ರ. ಒಂದು ವಾರದ ಕೆಲಸ. ಮಣ್ಣಿಗೆ ನಾಲ್ಕೈದು ಕಡೆ ಉಂಗುರ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ: ಸಣ್ಣ ಜಾಗದಲ್ಲಿ ಟೇಪಿನ ಲೆಕ್ಕ ಮಾಡಿ, ಅದೇ ಜಾಗಕ್ಕೆ ಉಪಗ್ರಹ ನಕ್ಷೆ ಏನು ಹೇಳುತ್ತದೆ ಅಂತ ಪಕ್ಕದಲ್ಲಿಟ್ಟು ನೋಡಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಪ್ರಾಜೆಕ್ಟ್.

ಕಾರ್ಬನ್ ಕ್ರೆಡಿಟ್ ಆಸೆಗೆ ಕೇಳುತ್ತಿರುವವರು ಸ್ವಲ್ಪ ತಾಳಿ. ಬಣ್ಣದ ಪುಸ್ತಿಕೆ ಹಿಡಿದು ನಮ್ಮೂರಿಗೂ ಒಬ್ಬರು ಬಂದಿದ್ದರು. ಇರುವ ಮರಕ್ಕೆಲ್ಲ ವರ್ಷವರ್ಷ ದುಡ್ಡು ಅಂದರು. ಹಾಗಿರಲ್ಲ. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ಯೋಜನೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಅನ್ನುವಂಥ ಹೆಚ್ಚಳ ಅಥವಾ ಉಳಿಕೆಗೆ ಮಾತ್ರ ಅದು ಸಿಗುತ್ತದೆ. ಅಜ್ಜನ ಕಾಲದ ಮತ್ತಿ ಸುಮ್ನೆ ನಿಂತಿದ್ದಕ್ಕೆ ಸಿಗಲ್ಲ. ಅಳತೆಯೂ ಅವರ ನಿಯಮದಂತೆ, ಮೂರನೆಯವರ ಪರಿಶೀಲನೆಯೊಂದಿಗೆ ನಡೆಯಬೇಕು. ಅದಕ್ಕಿಂತ ಮೊದಲು ಮರ ಯಾರದು? ಶಿರಸಿ, ಸಿದ್ದಾಪುರ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ ಇರಬಹುದು. ಆದರೆ ನಮಗಿರುವುದು ಸೊಪ್ಪು, ದರಕಿನ ಸವಲತ್ತು, ನೆಲ ಸರಕಾರದ್ದು. ಕೊಡಗಿನ ಬಾಣೆ (ಗದ್ದೆಗೆ ಹೊಂದಿಕೊಂಡ ಕಾಡಿನ) ಜಾಗದಲ್ಲೂ ಮರದ ಹಕ್ಕಿನ ಕಥೆ ಸಲೀಸಲ್ಲ. ಸಹಿ ಹಾಕುವ ಮೊದಲು ಪಹಣಿ ಹಿಡಿದು ವಕೀಲರ ಹತ್ತಿರ ಹೋಗಿ. ಅಲ್ಲಿಯ ತನಕ ಅಳತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಅಳೆಯೋಕೆ ಯಾವ ತಿಂಗಳು ಒಳ್ಳೇದು? ಫೆಬ್ರವರಿ-ಮಾರ್ಚ್‌ನಲ್ಲಿ ಎಲೆ ಉದುರಿ ತುದಿ ಚೆನ್ನಾಗಿ ಕಾಣುತ್ತದೆ. ಆದರೆ ಅದು ಉಣುಗಿನ ಕಾಲ, ಮಂಗನ ಕಾಯಿಲೆಯ ಕಾಲ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಲ್ಲಿ ಆಗ ಚೌಕ ಹಾಕಿಕೊಂಡು ಕೂರುವುದು ಜಾಣತನ ಅಲ್ಲ. ಆಗಲೇ ದರಕು ಗುಡಿಸಿಯೂ ಆಗಿರುತ್ತದೆ, ಅಳೆಯೋಕೆ ಏನೂ ಉಳಿದಿರಲ್ಲ. ಮಳೆಗಾಲದಲ್ಲಿ ಉಂಬಳ. ನಾನು ಹೋಗುವುದು ನವೆಂಬರ್‌ನಲ್ಲಿ. ತುದಿ ಕಾಣದ ಮರಗಳಿಗೆ ಆಮೇಲೊಂದು ದಿನ ದೂರದ ದಾರಿಯಿಂದಲೇ ಎತ್ತರ ನೋಡಿಕೊಂಡು ಬರುತ್ತೇನೆ. ಮತ್ತೆ ಅಳೆಯುವಾಗಲೂ ಅದೇ ತಿಂಗಳು ಹೋಗಿ. ನೀರು ಕುಡಿದ ಕಾಂಡ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದನ್ನೇ ಬೆಳವಣಿಗೆ ಅಂದುಕೊಳ್ಳುವ ಹಾಗಾಗಬಾರದು. ಪೇಂಟಿನ ಗೆರೆಯನ್ನು ಟೇಪು ಸುತ್ತಿದ ಜಾಗದಲ್ಲೇ ಎಳೆಯಿರಿ, ಮರದ ಸುತ್ತ ಪೂರ್ತಿ.